ಯೋಚ್ನೆ ಮಾಡಿ ಹೇಳ್ತೀನಿ ಅಂದ್ರೆ ಗಂಡಸಲ್ವಂತೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು, ನಿಮ್ಮನ್ನ ನಿಜವಾದ ಗಂಡಸು ಮಾಡ್ತೀವಿ ಅಂತ ದುಡ್ಡು ತಗೊಳ್ಳೋ ಕ್ಯಾಂಪು, ಕ್ಲಾಸುಗಳದ್ದು. ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಮೂರಕ್ಕೇ ಉತ್ತರ ಬರೀತಿದೀನಿ.

ಪ್ರಶ್ನೆ: ಸರ್ ನಮಸ್ಕಾರ. ನಾನು ಹಾಸನದಲ್ಲಿ ಟೀಚರ್. ನನ್ನ ತಮ್ಮ ಅಮೆರಿಕದ ಡಾಲಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದಾನೆ, 34 ವರ್ಷ, ಎರಡು ವರ್ಷದ ಮಗು ಇದೆ. ಹೋದ ವರ್ಷ ಲೇಆಫ್ ಆಗಿ ಐದು ತಿಂಗಳು ಮನೇಲಿದ್ದ, ಆಮೇಲೆ ಕಮ್ಮಿ ಸಂಬಳಕ್ಕೆ ಬೇರೆ ಕಡೆ ಸೇರ್ಕೊಂಡ. ಆವಾಗಿಂದ ಫೋನಲ್ಲಿ ಬರೀ ಅದೇ ಥರ ವಿಡಿಯೋ ನೋಡ್ತಾನಂತೆ, ಗಡ್ಡದೋರು ಕೆಸರಲ್ಲಿ ಉರುಳೋದು, ಮರದ ದಿಮ್ಮಿ ಹೊರೋದು, ಕೊನೇಲಿ ಎಲ್ಲರೂ ತಬ್ಕೊಂಡು ಅಳೋದು. ಈಗ ಅಂಥದ್ದೇ ನಾಲ್ಕು ದಿನದ ಕ್ಯಾಂಪಿಗೆ 12 ಸಾವಿರ ಡಾಲರ್ ಕಟ್ಟೋಕೆ ಹೊರಟಿದಾನೆ, ಇನ್ನು ಮೂರೇ ಸೀಟಿದೆಯಂತೆ. ಅಪ್ಪನಿಗೆ ಎಫ್‌ಡಿ ಮುರಿಸಿ ಐದು ಲಕ್ಷ ಕಳಿಸಿ ಅಂದಿದಾನೆ, ಯಾತಕ್ಕೆ ಅಂತ ಮಾತ್ರ ಹೇಳಿಲ್ಲ. ಅವನ ಹೆಂಡ್ತಿ ರಾತ್ರಿ ನಂಗೆ ಫೋನ್ ಮಾಡಿ ಅತ್ಲು, "ನಿಮ್ಮ ಮನೇಲಿ ತೀರ್ಮಾನ ತಗೊಳ್ಳೋರು ಯಾರು, ನೀವಾ ನಿಮ್ಮ ಹೆಂಡ್ತೀನಾ" ಅಂತ ಕ್ಯಾಂಪಿನೋರು ಕೇಳಿದ್ದನ್ನ ಅವಳೇ ಕೇಳಿಸ್ಕೊಂಡ್ಲಂತೆ. ಇದು ಮೋಸಾನಾ ಸರ್? ಅವನಿಗೆ ಹೇಗೆ ಹೇಳೋದು, ಬೈದ್ರೆ ಫೋನ್ ಇಟ್ಬಿಡ್ತಾನೆ.

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಂಗೆ ಎಲ್ಲಕ್ಕಿಂತ ಚುಚ್ಚಿದ್ದು ಆ ಕೊನೇ ಮಾತು, ತೀರ್ಮಾನ ಯಾರದ್ದು ಅಂತ ಕೇಳಿದ್ರಲ್ಲ ಅದು. ಅದು ಬಾಯ್ತಪ್ಪಿ ಬಂದ ಮಾತಲ್ಲ, ಬರೆದಿಟ್ಟ ಮಾತು. ಹೇಗೆ ಗೊತ್ತು ಅಂದ್ರೆ ನನ್ನ ಸ್ನೇಹಿತರ ಮಗ ಒಬ್ಬ ಅಮೆರಿಕದಲ್ಲೇ ಇಂಥದ್ದೊಂದು ಕೋಚಿಂಗ್ ಕಂಪನಿಗೆ ಆರು ತಿಂಗಳು ಫೋನಲ್ಲಿ ಸೀಟು ಮಾರ್ತಿದ್ದ, ಆ ಕೆಲಸಕ್ಕೆ ಅಲ್ಲಿ ಕ್ಲೋಸರ್ ಅಂತಾರೆ. ಕೆಲಸ ಬಿಟ್ಟ ಮೇಲೆ ಊರಿಗೆ ಬಂದಾಗ ಅವನಿಗೆ ಕೊಟ್ಟಿದ್ದ ಎರಡು ಹಾಳೆ ನಂಗೆ ತೋರಿಸಿದ. ಗಿರಾಕಿ ಏನಂದ್ರೆ ಏನು ಹೇಳ್ಬೇಕು ಅಂತ ಅದ್ರಲ್ಲಿ ಸಾಲುಸಾಲಾಗಿ ಇತ್ತು. ದುಡ್ಡಿಲ್ಲ ಅಂದ್ರೆ ಒಂದು, ಟೈಮಿಲ್ಲ ಅಂದ್ರೆ ಒಂದು, ಯೋಚ್ನೆ ಮಾಡ್ತೀನಿ ಅಂದ್ರೆ ಒಂದು. ಹೆಂಡ್ತೀನ ಕೇಳ್ಬೇಕು ಅನ್ನೋ ಸಾಲಿಗೆ ಹಳದಿ ಹೈಲೈಟರ್ ಹಾಕಿದ್ರು, ಯಾಕಂದ್ರೆ ಅಲ್ಲೇ ಜಾಸ್ತಿ ಜನ ಜಾರ್ಕೊಳ್ಳೋದು. ಅದ್ರ ಪಕ್ಕ ಇದ್ದ ಮಾತನ್ನ ಕನ್ನಡಕ್ಕೆ ತಂದ್ರೆ ಹೆಚ್ಚುಕಮ್ಮಿ ಹೀಗೆ: ನೀವು ಇಲ್ಲಿಗೆ ಬಂದಿದ್ದೇ ಮನೇಲಿ ನಿಮ್ಮ ಮಾತು ನಡೀತಿಲ್ಲ ಅಂತ ಅಲ್ವಾ, ಈಗ ಅದಕ್ಕೂ ಪರ್ಮಿಷನ್ ಕೇಳ್ತೀನಿ ಅಂತೀರಾ? ಕೆಳಗೆ ಪೆನ್ನಲ್ಲಿ ಅವನೇ ಬರ್ಕೊಂಡಿದ್ದ, ಬೆಲೆ ಹೇಳಿದ ಮೇಲೆ ಬಾಯಿ ಬಿಡಬಾರದು, ಮೊದಲು ಮಾತಾಡಿದೋನು ಸೋತ ಅಂತ. ಆ ಹುಡುಗ ಹಾಳೆ ಮಡಚಿಡೋವಾಗ ನನ್ನ ಮುಖ ನೋಡ್ಲಿಲ್ಲ.

ಇದೇ ಈ ವ್ಯಾಪಾರದ ಗುಟ್ಟು ಮೇಡಂ. ಬೇರೆ ಯಾವ ಮೋಸದಲ್ಲಾದ್ರೂ ಗಿರಾಕಿಗೆ ಒಂದು ಅನುಮಾನ ಬಂದ್ರೆ ಅದು ಅವನನ್ನ ಕಾಪಾಡುತ್ತೆ, ಸೈಟ್ ತಗೊಳ್ಳೋನು ಪತ್ರ ತೋರಿಸಿ ಅಂತಾನೆ, ಚಿನ್ನ ತಗೊಳ್ಳೋನು ಹಾಲ್‌ಮಾರ್ಕ್ ನೋಡ್ತಾನೆ, ಯಾರೂ ಅದನ್ನ ತಪ್ಪು ಅನ್ನಲ್ಲ. ಇಲ್ಲಿ ಮಾತ್ರ ಅನುಮಾನ ಪಡೋದೇ ಕಾಯಿಲೆ ಅಂತ ಮೊದಲೇ ಹೇಳಿಟ್ಟಿರ್ತಾರೆ. ಬೆಲೆ ಕೇಳಿದ್ರೆ ಬಡವನ ಬುದ್ಧಿ, ಹೆಂಡ್ತೀನ ಕೇಳಿದ್ರೆ ಹೇಡಿ, ದುಡ್ಡು ವಾಪಸ್ ಕೇಳಿದ್ರೆ ಅಳುಬುರುಕ. ನಮ್ಮೂರಲ್ಲಿ ಕೈಗೆ ಬಳೆ ತೊಟ್ಕೋ ಹೋಗು ಅಂತ ಹಂಗಿಸ್ತಾರಲ್ಲ, ಅದನ್ನೇ ಇಂಗ್ಲಿಷಲ್ಲಿ ನಯವಾಗಿ ಹೇಳಿ ಡಾಲರ್ ಲೆಕ್ಕದಲ್ಲಿ ಬಿಲ್ ಮಾಡ್ತಿದಾರೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನೋ ಗಾದೆ ಥರ, ಕಟ್ಟೋ ತನಕ ಗಂಡಸಲ್ಲ, ಗಂಡಸಾಗೋ ತನಕ ಕಟ್ಟೋಕೆ ಧೈರ್ಯ ಬರಲ್ಲ.

ಕ್ಯಾಂಪ್ ನಡೆಯೋದೇ ಸುಳ್ಳು ಅಂತ ನಾನು ಹೇಳ್ತಿಲ್ಲ. ಬಹಳ ಕಡೆ ನಿಜವಾಗ್ಲೂ ಕ್ಯಾಂಪ್ ಇರುತ್ತೆ, ನಿಜವಾಗ್ಲೂ ಕೆಸರು ಇರುತ್ತೆ, ಹೋಗಿ ಬಂದು ಒಳ್ಳೇದಾಯ್ತು ಅನ್ನೋರೂ ಇದಾರೆ. ಮಾಡರ್ನ್ ಡೇ ನೈಟ್ ಪ್ರಾಜೆಕ್ಟ್ ಅಂತ ಕ್ಯಾಲಿಫೋರ್ನಿಯಾದ್ದೊಂದು ಬಹಳ ಸುದ್ದಿ ಆಯ್ತು, 75 ಗಂಟೆಗೆ 18 ಸಾವಿರ ಡಾಲರ್ ಅಂತ, ಅಂದ್ರೆ ಗಂಟೆಗೆ 240 ಡಾಲರ್. ಬೆಲೆಯನ್ನ ಅವರೇನೂ ಬಚ್ಚಿಟ್ಟಿಲ್ಲ, ಹೋಗ್ಬೇಕು ಅನ್ನಿಸಿದೋರು ಲೆಕ್ಕ ಹಾಕ್ಕೊಂಡು ಹೋಗ್ಲಿ. ಆದ್ರೆ ಒಂದು ಮಾತು ತಮ್ಮನಿಗೆ ಹೇಳಿ. ಅಮೆರಿಕದ ನೌಕಾಪಡೆ ಕಮಾಂಡೋಗಳು, ಅಂದ್ರೆ ನೇವಿ ಸೀಲ್‌ಗಳ ತರಬೇತೀಲಿ ಹೆಲ್ ವೀಕ್ ಅಂತ ಬರುತ್ತೆ, ಐದೂವರೆ ದಿನಕ್ಕೆ ಎಲ್ಲಾ ಸೇರಿ ನಾಲ್ಕು ಗಂಟೆ ನಿದ್ದೆ, ಈ ಕ್ಯಾಂಪುಗಳೆಲ್ಲ ನಕಲು ಹೊಡೆಯೋದು ಅದನ್ನೇ. ಆದ್ರೆ ಅಲ್ಲಿ ಸರ್ಕಾರ ಅವರಿಗೆ ಸಂಬಳ ಕೊಡುತ್ತೆ. ನಮ್ಮ ಬೆಳಗಾವೀಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಲ್ಲಿ ಟ್ರೈನಿಂಗ್ ತಗೊಳ್ಳೋ ಹುಡುಗ್ರಿಗೂ ಊಟ ಬಟ್ಟೆ ಕೊಟ್ಟು ಸಂಬಳ ಕೊಡ್ತಾರೆ. ಬೈಸ್ಕೊಂಡು, ಕೆಸರಲ್ಲಿ ಬಿದ್ದು, ಮೇಲಿಂದ 12 ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಮೇಲೆ, ನಾವೇ ಕೊಡೋದು ಇಲ್ಲೊಂದೇ.

ವಿಡಿಯೋದಲ್ಲಿ ಅಳ್ತಾರಲ್ಲ ಅದು ನಾಟಕಾನಾ ಅಂತ ನಿಮಗೆ ಅನ್ನಿಸಿರಬಹುದು. ಬಹಳಷ್ಟು ಸಲ ನಾಟಕ ಅಲ್ಲ, ಅದಕ್ಕೇ ಅದು ಇನ್ನೂ ಅಪಾಯ. 1959ರಲ್ಲಿ ಆರನ್‌ಸನ್ ಮತ್ತು ಮಿಲ್ಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗೀರ ಮೇಲೆ ಒಂದು ಪ್ರಯೋಗ ಮಾಡಿದ್ರು, ಒಂದು ಚರ್ಚಾ ಗುಂಪಿಗೆ ಸೇರೋಕೆ ಮುಂಚೆ ಕೆಲವರಿಗೆ ಬಹಳ ಮುಜುಗರದ ಪರೀಕ್ಷೆ ಇಟ್ರು, ಕೆಲವರಿಗೆ ಸುಲಭದ್ದು, ಕೆಲವರಿಗೆ ಏನೂ ಇಲ್ಲ. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಒಂದೇ ಚರ್ಚೆ, ಬೇಕಂತಲೇ ಬೋರು ಹೊಡೆಯೋ ಥರ ಮಾಡಿದ್ದು. ಕಷ್ಟಪಟ್ಟು ಒಳಗೆ ಬಂದೋರಿಗೇ ಅದು ಜಾಸ್ತಿ ಚೆನ್ನಾಗಿದೆ ಅನ್ನಿಸ್ತು. ಇಷ್ಟು ಪಾಡು ಪಟ್ಟಿದ್ದು ದಂಡ ಅಂತ ಒಪ್ಕೊಳ್ಳೋಕೆ ಮನಸ್ಸಿಗೆ ಆಗಲ್ಲ ಮೇಡಂ. ಅದ್ರ ಮೇಲೆ ಮೂರು ದಿನದ ನಿದ್ದೆಗೇಡು, ಜೊತೆಗೆ ಹತ್ತು ಲಕ್ಷ ಕೊಟ್ಟಿರೋ ಸಂಕಟ, ಆ ಕೊನೇ ಬೆಳಗ್ಗೆ ಕ್ಯಾಮೆರಾ ಹಿಡಿದು ಹೇಗನ್ನಿಸ್ತಿದೆ ಅಂತ ಕೇಳಿದ್ರೆ ಯಾರಾದ್ರೂ ಅಳ್ತಾರೆ, ನಾನೂ ಅಳ್ತೀನಿ. ಆರು ತಿಂಗಳಾದ ಮೇಲೆ ಅದೇ ಮನುಷ್ಯನ ಮನೆಗೆ ಕ್ಯಾಮೆರಾ ತಗೊಂಡು ಹೋಗಿ ಅವನ ಹೆಂಡ್ತೀನ ಕೇಳಿರೋ ವಿಡಿಯೋ ಇದ್ರೆ ತೋರಿಸು ಅಂತ ತಮ್ಮನಿಗೆ ಕೇಳಿ.

ಇನ್ನು ದುಡ್ಡಿನ ವಿಷ್ಯ. 12 ಸಾವಿರಕ್ಕೆ ಮುಗಿಯುತ್ತೆ ಅಂದ್ಕೋಬೇಡಿ. ಈ ವ್ಯಾಪಾರದ ಮೆಟ್ಟಿಲು ಬಹಳ ಹಳೇದು, ಫ್ರೀ ವಿಡಿಯೋ, ಆಮೇಲೆ ಸಣ್ಣ ಕೋರ್ಸು, ಆಮೇಲೆ ಕ್ಯಾಂಪು, ಕ್ಯಾಂಪಿನ ಕೊನೇ ದಿನ ಎಲ್ಲರೂ ಅಳ್ತಿರೋವಾಗಲೇ ವರ್ಷದ ಮೆಂಬರ್‌ಶಿಪ್ಪಿಗೆ ಸೈನ್ ಮಾಡಿಸೋದು. ಇದು ಹೇಗೆ ನಡೆಯುತ್ತೆ ಅಂತ ಕೋರ್ಟ್ ಕಾಗದಗಳಲ್ಲಿ ಬಯಲಾಗಿದ್ದು ಟ್ರಂಪ್ ಯೂನಿವರ್ಸಿಟಿ ಕೇಸಲ್ಲಿ. ಅದು ಗಂಡಸ್ತನದ್ದಲ್ಲ, ರಿಯಲ್ ಎಸ್ಟೇಟ್ ಪಾಠದ್ದು, ಆದ್ರೆ ಮೆಟ್ಟಿಲು ಅದೇ. ಮೊದಲು ಪುಕ್ಕಟೆ ಸೆಮಿನಾರ್, ಅಲ್ಲಿಂದ 1,495 ಡಾಲರ್‌ದು ಮೂರು ದಿನದ ಕ್ಲಾಸು, ಅಲ್ಲಿಂದ 34,995 ಡಾಲರ್‌ವರೆಗಿನ ಪ್ಯಾಕೇಜು. ಬಂದೋರ ಕ್ರೆಡಿಟ್ ಕಾರ್ಡ್ ಲಿಮಿಟ್ ಜಾಸ್ತಿ ಮಾಡಿಸ್ಕೊಳ್ಳಿ ಅಂತ ಅಲ್ಲೇ ಹೇಳ್ತಿದ್ರು ಅನ್ನೋ ಆರೋಪ ಇತ್ತು. 2016ರಲ್ಲಿ ಟ್ರಂಪ್ ತಪ್ಪು ಒಪ್ಕೊಳ್ಳದೇ 25 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ನಿಮ್ಮ ತಮ್ಮನ ಹತ್ರ ಅರ್ಜೀಲಿ ಸಂಬಳ ಎಷ್ಟು, ಉಳಿತಾಯ ಎಷ್ಟು ಅಂತ ಕೇಳಿದ್ರಾ ವಿಚಾರಿಸಿ. ಆಯ್ಕೆ ಮಾಡೋಕೆ ಅಂತ ಹೇಳ್ತಾರೆ, ಬಹಳ ಸಲ ಅದು ಜೇಬಿನ ಆಳ ನೋಡೋಕೆ. ಮೂರೇ ಸೀಟು ಅನ್ನೋದನ್ನೂ ಹಾಗೇ, ಮುಂದಿನ ತಿಂಗಳ ಬ್ಯಾಚಿಗೆ ಎಷ್ಟಿದೆ ಅಂತ ಬೇರೆ ಈಮೇಲಿಂದ ಕೇಳಿಸಿ, ಅಲ್ಲೂ ಮೂರೇ ಇರುತ್ತೆ.

ಪ್ರಾಣದ ವಿಷ್ಯಾನೂ ಒಂದು ಹೇಳ್ಬೇಕು, ಹೆದರಿಸೋಕೆ ಅಲ್ಲ. 2009ರ ಅಕ್ಟೋಬರ್‌ನಲ್ಲಿ ಅರಿಝೋನಾದ ಸೆಡೋನಾ ಹತ್ರ ಜೇಮ್ಸ್ ಆರ್ಥರ್ ರೇ ಅನ್ನೋನು ಸ್ಪಿರಿಚುವಲ್ ವಾರಿಯರ್ ಅಂತ ಶಿಬಿರ ಮಾಡಿದ್ದ, ತಲೆಗೆ 9 ಸಾವಿರ ಡಾಲರಿಗೂ ಮೇಲೆ, ಗಂಡಸರು ಹೆಂಗಸರು ಇಬ್ಬರೂ ಬಂದಿದ್ರು. ಒಂದೂವರೆ ದಿನ ಅನ್ನನೀರಿಲ್ಲದೆ ಮರುಭೂಮೀಲಿ ಕೂರಿಸಿ, ಆಮೇಲೆ ಕಾದ ಕಲ್ಲಿಟ್ಟಿದ್ದ ಮುಚ್ಚಿದ ಡೇರೆಯೊಳಗೆ ಐವತ್ತಕ್ಕೂ ಜಾಸ್ತಿ ಜನರನ್ನ ಕೂರಿಸಿದ. ಹೊರಗೆ ಹೋಗ್ಬೇಕು ಅನ್ನಿಸಿದೋರಿಗೆ ತಡ್ಕೊಳ್ಳಿ ಅಂತ ಹುರಿದುಂಬಿಸ್ತಿದ್ದ ಅಂತ ಬಂದೋರು ಆಮೇಲೆ ಕೋರ್ಟಲ್ಲಿ ಸಾಕ್ಷಿ ಹೇಳಿದ್ರು. ಮೂರು ಜನ ಸತ್ರು. 2011ರಲ್ಲಿ ಅವನಿಗೆ ನಿರ್ಲಕ್ಷ್ಯದಿಂದ ಸಾವಾದ ಕೇಸಲ್ಲಿ ಎರಡು ವರ್ಷ ಜೈಲಾಯ್ತು. ಅಷ್ಟು ದುಡ್ಡು ಕೊಟ್ಟೋರು ಅಷ್ಟು ಸುಲಭಕ್ಕೆ ಎದ್ದು ಹೊರಗೆ ಬರಲ್ಲ ಮೇಡಂ, ಬೆಲೆ ಜಾಸ್ತಿ ಇಡೋದ್ರಲ್ಲಿ ಈ ಒಂದು ಕೆಟ್ಟದ್ದೂ ಇದೆ. ತಮ್ಮನಿಗೆ ಬಿಪಿ ಗಿಪಿ ಏನಾದ್ರೂ ಇದ್ರೆ, ಕ್ಯಾಂಪಲ್ಲಿ ಡಾಕ್ಟರ್ ಇರ್ತಾರಾ, ನಡುವೆ ಬಿಟ್ಟು ಬಂದ್ರೆ ದುಡ್ಡೇನಾಗುತ್ತೆ, ಇವೆರಡಕ್ಕೂ ಬರವಣಿಗೇಲಿ ಉತ್ತರ ತಗೊಳ್ಳೋಕೆ ಹೇಳಿ.

ಅಮೆರಿಕದ ಕಾನೂನಲ್ಲಿ ಅವನಿಗೆ ಇರೋ ಅನುಕೂಲ ಇಷ್ಟು. ಹೋಟೆಲ್ ಹಾಲ್ ಅಥವಾ ಅಂಥ ತಾತ್ಕಾಲಿಕ ಜಾಗದಲ್ಲಿ 130 ಡಾಲರ್ ಅಥವಾ ಅದಕ್ಕಿಂತ ಜಾಸ್ತಿದು ಕೊಂಡ್ರೆ ಮೂರು ಕೆಲಸದ ದಿನದೊಳಗೆ ರದ್ದು ಮಾಡೋ ಹಕ್ಕಿದೆ, ಆದ್ರೆ ಪೂರ್ತಿ ಫೋನಲ್ಲೋ ಆನ್‌ಲೈನಲ್ಲೋ ಕೊಂಡಿದ್ದಕ್ಕೆ ಆ ರೂಲು ಬರಲ್ಲ, ಅದಕ್ಕೇ ಇವರು ಫೋನಲ್ಲೇ ಕಾರ್ಡ್ ನಂಬರ್ ಹೇಳಿಸ್ಕೊಂಡ್ರೆ ಹುಷಾರು. ಕಟ್ಟಲೇಬೇಕು ಅಂದ್ರೆ ಕ್ರೆಡಿಟ್ ಕಾರ್ಡಲ್ಲೇ ಕಟ್ಲಿ, ವೈರ್ ಟ್ರಾನ್ಸ್‌ಫರ್ ಬೇಡ, ನಮ್ಮ ಯುಪಿಐ ಥರ ದುಡ್ಡು ಕಳಿಸೋ ಝೆಲ್ ಬೇಡ. ಕಾರ್ಡಾದ್ರೆ ಸ್ಟೇಟ್‌ಮೆಂಟ್ ಬಂದ 60 ದಿನದೊಳಗೆ, ಹೇಳಿದ್ದು ಕೊಟ್ಟಿಲ್ಲ ಅಂತ ಬ್ಯಾಂಕಿಗೆ ಬರೆದು ತಕರಾರು ಎತ್ತಬಹುದು. ಕೆಟ್ಟ ರಿವ್ಯೂ ಬರೀಬಾರದು ಅಂತ ಗಿರಾಕಿ ಕೈಲಿ ಸೈನ್ ಹಾಕಿಸ್ಕೊಳ್ಳೋ ಷರತ್ತು 2016ರ ಕಾನೂನಿನ ಪ್ರಕಾರ ಅಲ್ಲಿ ನಡೆಯಲ್ಲ.

ಹೇಗೆ ಹೇಳೋದು ಅಂದ್ರಿ. ಮೋಸ ಅನ್ನೋ ಪದದಿಂದ ಶುರು ಮಾಡ್ಬೇಡಿ. ಐದು ತಿಂಗಳು ಕೆಲಸ ಇಲ್ದೆ ಕೂತಿದ್ದಾಗ ನಿಂಗೆ ಹೇಗಾಗಿತ್ತೋ, ನಾನು ಕೇಳ್ಲೇ ಇಲ್ಲ ಕಣೋ, ಅಂತ ಶುರು ಮಾಡಿ. ನಿಮ್ಮ ಪತ್ರ ನೋಡಿದ್ರೆ ಹಾಸನದಲ್ಲಿ ಯಾರೂ ಅವನನ್ನ ಅದನ್ನ ಕೇಳಿಲ್ಲ ಅನ್ನಿಸ್ತು. ಆ ಕ್ಯಾಂಪಿನ ಜಾಹೀರಾತು ಮಾತ್ರ ಅವನನ್ನ ಅದನ್ನ ಕೇಳ್ತು, ಅದಕ್ಕೇ ಅವನು ಅಲ್ಲಿ ನಿಂತಿದಾನೆ. ಆಮೇಲೆ ಅವನು ತಾನಾಗೇ ಹೇಳಿದ್ಮೇಲೆ ಒಂದೇ ಒಂದು ಕೇಳ್ಕೊಳ್ಳಿ, ಹದಿನೈದು ದಿನ ಬಿಟ್ಟು ಕಟ್ಟು ಅಂತ. ಹದಿನೈದು ದಿನ ಕಾಯೋಕೆ ಬಿಡದೇ ಇರೋರು ಎಂಥೋರು ಅಂತ ಆ ಹದಿನೈದು ದಿನದಲ್ಲಿ ಬರೋ ಫೋನ್ ಕಾಲುಗಳೇ ಅವನಿಗೆ ಹೇಳ್ತಾವೆ. ಅಪ್ಪನಿಗೂ ವಿಷಯ ಗೊತ್ತಿರಲಿ, ಎಫ್‌ಡಿ ಅವರದ್ದು.

ಪ್ರಶ್ನೆ: ನಂಗೆ 26, ಬೆಂಗಳೂರು. ವಾರಾಂತ್ಯದ ಆಲ್ಫಾ ವರ್ಕ್‌ಶಾಪ್ ಅಂತ ರೆಸಾರ್ಟಲ್ಲಿ ಮಾಡಿದ್ರು, 60 ಸಾವಿರ ಇಎಂಐ ಮಾಡಿಸಿ ಕಟ್ಟಿದೆ. ಮಾನಸಿಕ ತಜ್ಞರು ಇರ್ತಾರೆ, ಒಬ್ಬೊಬ್ಬರಿಗೂ ಬೇರೆ ಕೋಚು ಅಂದಿದ್ರು, ಯಾರೂ ಇರ್ಲಿಲ್ಲ, ಎರಡು ದಿನ ಹಾಲಲ್ಲಿ ಕೂರಿಸಿ ಕಿರುಚಿಸಿದ್ರು ಅಷ್ಟೆ. ದುಡ್ಡು ವಾಪಸ್ ಕೇಳಿದ್ರೆ ನೀನು ಪೂರ್ತಿ ಮನಸ್ಸು ಕೊಟ್ಟಿಲ್ಲ ಅಂತಾರೆ, ರಿವ್ಯೂ ಹಾಕಿದ್ರೆ ಲಾಯರ್ ನೋಟಿಸ್ ಕಳಿಸ್ತೀವಿ ಅಂತಾರೆ. ಮನೇಲಿ ಹೇಳೋಕೆ ನಾಚಿಕೆ ಆಗ್ತಿದೆ.

ಉತ್ತರ: ತಮ್ಮಾ, ಆ ನಾಚಿಕೆ ನಿಂದಲ್ಲ, ಅದನ್ನೂ ಅವರೇ ಪ್ಯಾಕೇಜಲ್ಲಿ ಸೇರಿಸಿ ಕೊಟ್ಟಿದಾರೆ. ನಿನ್ನ ಥರದ ಪತ್ರ ನಂಗೆ ಬರೋದು ಕಮ್ಮಿ, ಅದು ಮೋಸ ಕಮ್ಮಿ ಅಂತಲ್ಲ, ಮೋಸ ಹೋದೆ ಅಂದ್ರೆ ಗಂಡಸಲ್ಲ ಅಂತಾರಲ್ಲ ಅಂತ ಹುಡುಗ್ರು ಬಾಯಿ ಮುಚ್ಕೊಂಡು ಇಎಂಐ ಕಟ್ತಿರ್ತಾರೆ. ನೀನು ಬರೆದ್ಯಲ್ಲ, ಸಂತೋಷ ಆಯ್ತು ನಂಗೆ.

ಈಗ ಕೆಲಸಕ್ಕೆ ಬಾ. ಅವರು ಹಾಕಿದ್ದ ಜಾಹೀರಾತು, ವಾಟ್ಸಾಪ್ ಮೆಸೇಜು, ತಜ್ಞರು ಇರ್ತಾರೆ ಅಂದಿದ್ದು, ಎಲ್ಲಾದ್ರ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಟ್ಕೋ, ನಾಳೆ ಡಿಲೀಟ್ ಆಗಿರುತ್ತೆ. ಆಮೇಲೆ ಒಂದು ಈಮೇಲ್ ಬರಿ, ಇಂತಿಂಥದ್ದು ಕೊಡ್ತೀವಿ ಅಂದ್ರಿ, ಕೊಟ್ಟಿಲ್ಲ, ಇಷ್ಟು ದಿನದೊಳಗೆ ವಾಪಸ್ ಕೊಡಿ ಅಂತ, ಸಿಟ್ಟು ಬೇಡ, ಬೈಗುಳ ಬೇಡ. ಜೊತೆಗೆ 1915ಕ್ಕೆ ಫೋನ್ ಮಾಡು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದ್ರಲ್ಲಿ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀನು ವಾಸ ಇರೋ ಊರಲ್ಲೇ ಕೇಸು ಹಾಕಬಹುದು, ಕಂಪನಿ ಎಲ್ಲಿದ್ರೂ ಸರಿ. ಐದು ಲಕ್ಷದವರೆಗೆ ಶುಲ್ಕ ಇಲ್ಲ, ಲಾಯರ್ ಇಡ್ಲೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕ್ಬೇಕು, ಇ-ಜಾಗೃತಿ ಪೋರ್ಟಲ್ಲಲ್ಲಿ ಮನೇಲೇ ಕೂತು ಸಲ್ಲಿಸಬಹುದು. ಸುಳ್ಳು ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದ್ರೆ 50 ಲಕ್ಷ. ಆನ್‌ಲೈನಲ್ಲಿ ಮಾರೋರಿಗೆ ಇನ್ನೊಂದಿದೆ, ಇನ್ನು ಹತ್ತೇ ನಿಮಿಷ, ಎರಡೇ ಸೀಟು ಅಂತ ಸುಳ್ಳು ಗಡಿಬಿಡಿ ಮಾಡೋದು, ಬೇಡ ಅಂದೋರನ್ನ ನಾಚಿಕೆ ಪಡೋ ಹಾಗೆ ಮಾಡೋದು, ಇವೆರಡೂ 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್, ಅಂದ್ರೆ ಆನ್‌ಲೈನಲ್ಲಿ ಗಿರಾಕೀನ ಯಾಮಾರಿಸೋ ತಂತ್ರಗಳ, ಮಾರ್ಗಸೂಚಿಯ 13 ತಪ್ಪುಗಳ ಪಟ್ಟೀಲೇ ಇವೆ.

ಲಾಯರ್ ನೋಟಿಸಿಗೆ ಹೆದರಬೇಡ, ಆದ್ರೆ ರಿವ್ಯೂ ಬರೆಯೋವಾಗ ನಡೆದಿದ್ದನ್ನ ಮಾತ್ರ ಬರಿ. ತಜ್ಞರು ಬರ್ತಾರೆ ಅಂದಿದ್ರು, ಬರ್ಲಿಲ್ಲ, ಇಷ್ಟು. ಕಳ್ಳರು ಗಿಳ್ಳರು ಅಂತ ಸೇರಿಸ್ಬೇಡ, ಅದನ್ನೇ ಅವರು ಹಿಡ್ಕೊಳ್ಳೋದು. ಇಎಂಐ ಮಾತ್ರ ಕೋಪದಲ್ಲಿ ನಿಲ್ಲಿಸ್ಬೇಡ, ಸಾಲ ಕೊಟ್ಟಿರೋದು ಬೇರೆ ಕಂಪನಿ, ನಿನ್ನ ಸಿಬಿಲ್ ಹಾಳಾಗುತ್ತೆ. ಅವರಿಗೂ ಒಂದು ದೂರು ಬರೆದು ಹಾಕು. ಮತ್ತೆ ಮನೇಲಿ ಒಬ್ಬರಿಗಾದ್ರೂ ಹೇಳು. ಅಮ್ಮನಿಗೆ ಆಗಲ್ಲ ಅಂದ್ರೆ ಅಣ್ಣನೋ ಭಾವನೋ, ಯಾರೋ ಒಬ್ಬರು.

ಪ್ರಶ್ನೆ: ಶಿವಮೊಗ್ಗದಿಂದ ಬರೀತಿದೀನಿ. ಮಗನಿಗೆ 16. ಸಿಗಾರ್ ಹಿಡ್ಕೊಂಡು ಕಾರ್ ಮುಂದೆ ನಿಂತಿರ್ತಾನಲ್ಲ ಒಬ್ಬ, ಅವನ ಕ್ಲಾಸಿಗೆ ಅಂತ ನನ್ನ ಕಾರ್ಡಿಂದ ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ ಕಟ್ ಆಗಿದೆ, ಎರಡು ತಿಂಗಳು. ಕೇಳಿದ್ರೆ ನಿಮಗೆಲ್ಲ ಅರ್ಥ ಆಗಲ್ಲಮ್ಮ ಅಂತಾನೆ. ಅವರಪ್ಪ ದುಬೈಲಿದಾರೆ.

ಉತ್ತರ: ತಾಯಿ, ಮೊದಲು ದುಡ್ಡು ನಿಲ್ಸಿ. ಬ್ಯಾಂಕಿನ ಆಪಲ್ಲಿ ಇ-ಮ್ಯಾಂಡೇಟ್ ಅಂತ ಇರುತ್ತೆ, ತಿಂಗಳು ತಿಂಗಳು ತಾನಾಗೇ ದುಡ್ಡು ಕಟ್ ಆಗೋಕೆ ಕೊಟ್ಟಿರೋ ಒಪ್ಪಿಗೆ, ಅದ್ರಲ್ಲಿ ಆ ಹೆಸರಿದ್ರೆ ರದ್ದು ಮಾಡಿ, ಇಲ್ದಿದ್ರೆ ಬ್ಯಾಂಕಿಗೆ ಹೋಗಿ ಕಾರ್ಡಲ್ಲಿ ವಿದೇಶಿ ವ್ಯವಹಾರ ಬಂದ್ ಮಾಡಿಸಿ.

ಆ ಸಿಗಾರ್ ಮನುಷ್ಯ, ಗಂಡಸು ಹೇಗಿರ್ಬೇಕು ಅಂತ ವಿಡಿಯೋ ಮಾಡೋ ಆಂಡ್ರ್ಯೂ ಟೇಟ್ ಇರಬೇಕು ಅಂದ್ಕೋತೀನಿ. ಅವನ ಹಸ್ಲರ್ಸ್ ಯೂನಿವರ್ಸಿಟಿ ಅಂತ ತಿಂಗಳಿಗೆ ಸುಮಾರು 50 ಡಾಲರಿನ ಕ್ಲಾಸಿತ್ತು, ಅದಕ್ಕೆ ಹೊಸಬರನ್ನ ಸೇರಿಸಿದ್ರೆ ಕಮಿಷನ್ ಸಿಗ್ತಿತ್ತು. ಹಾಗಾಗಿ ಸೇರಿದ ಹುಡುಗ್ರೇ ಅವನ ವಿಡಿಯೋ ತುಂಡು ಮಾಡಿ ಎಲ್ಲಾ ಕಡೆ ಹಾಕಿದ್ರು, ನೋಡೋರಿಗೆ ಲೋಕವೇ ಅವನನ್ನ ಹೊಗಳ್ತಿದೆ ಅನ್ನಿಸ್ತು. 2022ರ ಆಗಸ್ಟ್‌ನಲ್ಲಿ ಆ ಕಮಿಷನ್ ಯೋಜನೆ ನಿಂತಿತು, ಅದೇ ತಿಂಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಟಿಕ್‌ಟಾಕ್ ಅವನನ್ನ ಹೊರಗೆ ಹಾಕಿದ್ವು. ಡಿಸೆಂಬರ್‌ನಲ್ಲಿ ರೊಮೇನಿಯಾ ಪೊಲೀಸರು ಬಂಧಿಸಿದ್ರು, ಆರೋಪಗಳನ್ನ ಅವನು ಒಪ್ಪಲ್ಲ. ಮಗನಿಗೆ ಆ ಕೇಸಿನ ಕಥೆ ಹೇಳೋಕೆ ಹೋಗ್ಬೇಡಿ, ಅದಕ್ಕೆ ಅವನ ಹತ್ರ ಉತ್ತರ ರೆಡಿ ಇರುತ್ತೆ. ಕಮಿಷನ್ ಲೆಕ್ಕ ಹೇಳಿ. ಈ ವಿಡಿಯೋ ಹಾಕಿದೋನಿಗೆ ಇದ್ರಿಂದ ಏನು ಸಿಗುತ್ತೆ ಅಂತ ಒಂದು ಸಲ ಅವನನ್ನೇ ಹುಡುಕೋಕೆ ಬಿಡಿ, 16ರ ಹುಡುಗ್ರಿಗೆ ಯಾರೋ ತಮ್ಮನ್ನ ಮಂಗ ಮಾಡ್ತಿದಾರೆ ಅಂತ ಗೊತ್ತಾದ್ರೆ ಬರೋ ಸಿಟ್ಟು ನಮ್ಮ ಬುದ್ಧಿಮಾತಿಗಿಂತ ಜಾಸ್ತಿ ಕೆಲಸ ಮಾಡುತ್ತೆ.

ಇನ್ನೊಂದು. ಆ ಎರಡು ತಿಂಗಳಲ್ಲಿ ಅವನಿಗೆ ಏನು ಇಷ್ಟ ಆಯ್ತು ಅಂತ ಕೇಳಿ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿ. ವ್ಯಾಯಾಮಾನಾ, ದುಡ್ಡು ಮಾಡೋ ಆಸೆನಾ, ಇಲ್ಲಾ ದಿನಾ ಒಬ್ಬ ಗಂಡಸು ಎದುರು ಕೂತು ಮಾತಾಡ್ತಾನೆ ಅನ್ನೋದಾ. ಕೊನೇದಾದ್ರೆ ದುಬೈಗೆ ಫೋನ್ ಮಾಡಿ ಅವರಪ್ಪನಿಗೆ ಹೇಳಿ, ದಿನಾ ರಾತ್ರಿ ಹತ್ತು ನಿಮಿಷ ಮಗನ ಹತ್ರಾನೇ ಮಾತಾಡ್ಲಿ, ಮಾರ್ಕ್ಸ್ ವಿಷ್ಯ ಬಿಟ್ಟು ಬೇರೆ ಏನಾದ್ರೂ. ಒಂದು ತಿಂಗಳು ಬಿಟ್ಟು ಏನಾಯ್ತು ಅಂತ ನಂಗೆ ಬರೀರಿ, ಕಾಯ್ತಿರ್ತೀನಿ.